ತುರ್ತು ಚಿಕಿತ್ಸೆಯ ವಿಳಂಬ ಮತ್ತು ಉದ್ಯಮಿಗಳ ಹೊಣೆ

ಪವರ್ ಪ್ರೆಸ್ಸಿಗೆ ಕೈ ಸಿಕ್ಕಿ ಗಾಯಗೊಂಡ ಕಾರ್ಮಿಕ, ಗಲ್ಲಾಪೆಟ್ಟಿಗೆಯ ಮುಂದೆ ಎದೆನೋವಿನಿಂದ ಕುಸಿದ ವರ್ತಕ, ಸರಕು ಸಾಗಿಸುವಾಗ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಲಾರಿ ಚಾಲಕ, ಈ ಮೂವರೂ ಮೊದಲು ತಲುಪುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು. ವಿದ್ಯುತ್, ರಸ್ತೆ, ನೀರು ಎಷ್ಟು ಮುಖ್ಯವೋ ಈ ವಿಭಾಗವೂ ವಾಣಿಜ್ಯ ಮತ್ತು ಉದ್ಯಮ ಕ್ಷೇತ್ರಕ್ಕೆ ಅಷ್ಟೇ ಮುಖ್ಯ. ಆದರೂ ವರ್ಷವರ್ಷವೂ ಸರ್ಕಾರಕ್ಕೆ ನಾವು ಸಲ್ಲಿಸುವ ಮನವಿಗಳಲ್ಲಿ ಇದರ ಪ್ರಸ್ತಾಪ ಕಾಣುವುದು ವಿರಳ. ಅಪಘಾತ ನಡೆದ ದಿನ ಮಾತ್ರ ಇದರ ನೆನಪಾಗುತ್ತದೆ. ಅಂದು ಸ್ಟ್ರೆಚರ್ ಸಿಗಲಿಲ್ಲ, ವೈದ್ಯರು ಬರುವುದು ತಡವಾಯಿತು, ಹಾಸಿಗೆ ಖಾಲಿಯಿಲ್ಲವೆಂದು ಮತ್ತೊಂದು ಆಸ್ಪತ್ರೆಗೆ ಕಳುಹಿಸಿದರು ಎಂಬ ದೂರುಗಳು ಕೇಳಿಬರುತ್ತವೆ. ಬಳಿಕ ಎಲ್ಲರೂ ಮರೆಯುತ್ತಾರೆ.

ಈ ವಿಳಂಬಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು. ಬರುವ ರೋಗಿಗಳ ಸಂಖ್ಯೆ ಹೆಚ್ಚು, ಅಲ್ಲಿರುವ ವೈದ್ಯರ ಸಂಖ್ಯೆ ಕಡಿಮೆ. ಎರಡರಲ್ಲಿಯೂ ಸತ್ಯವಿದೆ. ಆದರೆ ತುರ್ತು ವಿಭಾಗದ ದಟ್ಟಣೆಯ ದೊಡ್ಡದೊಂದು ಪಾಲು ಹುಟ್ಟುವುದು ಅದರ ಪ್ರವೇಶದ್ವಾರದಲ್ಲಲ್ಲ; ಆಸ್ಪತ್ರೆಯ ಒಳಗೆ, ವಾರ್ಡುಗಳಿಂದ ರೋಗಿಗಳು ಮನೆಗೆ ಹೊರಡುವ ಘಟ್ಟದಲ್ಲಿ. ಆ ಘಟ್ಟದ ವಿಳಂಬದಲ್ಲಿ ಉದ್ಯಮಿಗಳಾದ ನಮ್ಮ ಪಾತ್ರವೂ ಇದೆ. ಅದನ್ನು ಸರಿಪಡಿಸುವ ಸಾಮರ್ಥ್ಯವೂ ನಮಗಿದೆ. ಈ ಅಂಶದ ಕಡೆಗೆ ಸದಸ್ಯ ಬಾಂಧವರ ಗಮನ ಸೆಳೆಯುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮಗೆ ಪರಿಚಿತವಾದ ಲೆಕ್ಕ

ಸಣ್ಣ ಕೈಗಾರಿಕೆ ನಡೆಸುವ ಯಾರಿಗೂ ಇದು ಹೊಸ ಸಂಗತಿಯಲ್ಲ. ಲೇತ್ ಯಂತ್ರಗಳು ದಿನವಿಡೀ ಬಿಡಿಭಾಗಗಳನ್ನು ತಯಾರಿಸುತ್ತಿರುತ್ತವೆ, ಆದರೆ ಮುಂದಿನ ಘಟ್ಟವಾದ ಪ್ಲೇಟಿಂಗ್ ನಿಧಾನವಾಗಿದೆ ಎಂದುಕೊಳ್ಳೋಣ. ಅರೆಸಿದ್ಧ ಮಾಲು ಲೇತಿನ ಪಕ್ಕದಲ್ಲಿಯೇ ರಾಶಿ ಬೀಳುತ್ತದೆ. ನೋಡಿದವರಿಗೆ ಲೇತ್ ವಿಭಾಗದಲ್ಲಿಯೇ ಅವ್ಯವಸ್ಥೆಯಿದೆ ಎನಿಸುತ್ತದೆ. ಅಲ್ಲಿ ಇನ್ನೊಂದು ಲೇತ್ ಹಾಕಿಸಿದರೆ ರಾಶಿ ಬೆಳೆಯುತ್ತದೆಯೇ ಹೊರತು ಗಿರಾಕಿಗೆ ಮಾಲು ಬೇಗ ತಲುಪುವುದಿಲ್ಲ.

ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದ ನಿಯಮವೊಂದು ಇಲ್ಲಿ ಉಪಯುಕ್ತ. ಒಂದು ಸ್ಥಳದಲ್ಲಿ ಸರಾಸರಿ ಎಷ್ಟು ಜನರಿರುತ್ತಾರೆ ಎಂಬುದು, ಗಂಟೆಗೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಸರಾಸರಿ ಎಷ್ಟು ಹೊತ್ತು ಉಳಿಯುತ್ತಾರೆ ಎಂಬ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ ಸಮ. ದಿನಕ್ಕೆ 120 ರೋಗಿಗಳು, ಅಂದರೆ ಗಂಟೆಗೆ 5 ಮಂದಿ ಬರುವ ತುರ್ತು ವಿಭಾಗವೊಂದನ್ನು ಊಹಿಸಿಕೊಳ್ಳಿ. ಒಬ್ಬ ರೋಗಿ ಸರಾಸರಿ 4 ಗಂಟೆ ಉಳಿದರೆ 20 ಸ್ಟ್ರೆಚರ್‌ಗಳು ಬೇಕು. ವಾರ್ಡಿನಲ್ಲಿ ಹಾಸಿಗೆ ಸಿಗದೆ ಆ ಅವಧಿ 8 ಗಂಟೆಗೆ ಏರಿದರೆ 40 ಸ್ಟ್ರೆಚರ್‌ಗಳು ಬೇಕಾಗುತ್ತವೆ. ಬರುವ ರೋಗಿಗಳ ಸಂಖ್ಯೆಯಲ್ಲಿ ಒಬ್ಬರೂ ಹೆಚ್ಚಿಲ್ಲ, ವೈದ್ಯರು ಒಬ್ಬರೂ ಕಡಿಮೆಯಾಗಿಲ್ಲ. ಆದರೂ ದಟ್ಟಣೆ ಇಮ್ಮಡಿಯಾಗಿದೆ.

ಸಾಮರ್ಥ್ಯವನ್ನು ಪೂರ್ತಿ ಬಳಸಿಕೊಳ್ಳಬೇಕೆಂಬ ನಮ್ಮ ಆಸೆಗೂ ಒಂದು ಮಿತಿಯಿದೆ. ಒಬ್ಬನೇ ಗುಮಾಸ್ತನಿರುವ ಕೌಂಟರಿಗೆ ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಕಾಲವೂ ಹೆಚ್ಚುಕಡಿಮೆಯಾಗುತ್ತ ಸರಾಸರಿ 10 ನಿಮಿಷವಾಗುತ್ತದೆ ಎಂದಿಟ್ಟುಕೊಳ್ಳಿ. ಸರತಿಸಾಲುಗಳ ಗಣಿತದ ಪ್ರಕಾರ, ಆತ ಶೇ. 80ರಷ್ಟು ಹೊತ್ತು ನಿರತನಾಗಿದ್ದರೆ ಸಾಲಿನಲ್ಲಿ ಸರಾಸರಿ 40 ನಿಮಿಷ ಕಾಯಬೇಕು, ಶೇ. 90 ಆದರೆ 90 ನಿಮಿಷ, ಶೇ. 95 ಆದರೆ 190 ನಿಮಿಷ. ಅನೇಕ ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ಈ ಏರಿಕೆ ಇಷ್ಟು ಕಡಿದಾಗಿರುವುದಿಲ್ಲವಾದರೂ ಅದರ ಸ್ವರೂಪ ಇದೇ. ಎಲ್ಲ ಹಾಸಿಗೆಗಳೂ ಸದಾ ತುಂಬಿರುವ ಆಸ್ಪತ್ರೆಯನ್ನು ನಾವು ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಯೆಂದು ಭಾವಿಸುತ್ತೇವೆ. ತುರ್ತು ರೋಗಿಯ ಪಾಲಿಗೆ ಅದು ಮುಚ್ಚಿದ ಆಸ್ಪತ್ರೆ.

ತಡೆ ಇರುವುದೆಲ್ಲಿ?

ಗುಣಮುಖನಾದ ರೋಗಿಯೊಬ್ಬ ಹಾಸಿಗೆ ತೆರವು ಮಾಡುವ ಕ್ರಮವನ್ನು ಗಮನಿಸಿ. ಬೆಳಗಿನ ಸುತ್ತಿನಲ್ಲಿ ಹಿರಿಯ ವೈದ್ಯರು ಮನೆಗೆ ಹೋಗಬಹುದೆಂದು ಹೇಳುತ್ತಾರೆ. ಕಿರಿಯ ವೈದ್ಯರು ಡಿಸ್‌ಚಾರ್ಜ್ ಸಾರಾಂಶ ಬರೆಯಬೇಕು. ಉಳಿದ ಔಷಧಿಗಳು ಔಷಧಾಲಯಕ್ಕೆ ಹಿಂದಿರುಗಬೇಕು. ಪ್ರಯೋಗಾಲಯ ಮತ್ತು ಎಕ್ಸ್‌ರೇ ವಿಭಾಗದ ಬಾಕಿಗಳು ಸೇರಿ ಅಂತಿಮ ಬಿಲ್ಲು ಸಿದ್ಧವಾಗಬೇಕು. ವಿಮೆಯಿದ್ದಲ್ಲಿ ಬಿಲ್ಲು ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕೆಲಸ ಮಾಡುವ ಟಿಪಿಎಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು. ವಿಮೆಗೆ ಒಳಪಡದ ಬಾಬ್ತುಗಳ ಹಣವನ್ನು ಮನೆಯವರು ಹೊಂದಿಸಬೇಕು. ಆಮೇಲೆ ವಾಹನ ಬರಬೇಕು. ರಾಹುಕಾಲ ಕಳೆಯಲೆಂದು ಕಾಯುವ ಕುಟುಂಬಗಳೂ ಉಂಟು. ರೋಗಿ ಹೊರಟ ನಂತರ ಹಾಸಿಗೆ ಶುಚಿಯಾಗಬೇಕು. ಅದು ಸಿದ್ಧವಾಗಿದೆ ಎಂಬ ಸುದ್ದಿ ತುರ್ತು ವಿಭಾಗಕ್ಕೆ ತಲುಪಬೇಕು. ರೋಗಿಯನ್ನು ತಳ್ಳಿಕೊಂಡು ಬರಲು ವಾರ್ಡ್ ಬಾಯ್ ಸಿಗಬೇಕು.

ಬೆಳಿಗ್ಗೆ 10 ಗಂಟೆಗೆ ಡಿಸ್‌ಚಾರ್ಜ್ ಆದ ರೋಗಿ ಸಂಜೆ 6ಕ್ಕೆ ಹೊರಟರೆ ಆ 8 ಗಂಟೆಗಳಲ್ಲಿ ಹಾಸಿಗೆಯ ಮೇಲೆ ಯಾವ ಚಿಕಿತ್ಸೆಯೂ ನಡೆಯಲಿಲ್ಲ. ಅದೇ 8 ಗಂಟೆಗಳ ಕಾಲ ಕೆಳಗೆ ತುರ್ತು ವಿಭಾಗದಲ್ಲಿ ಒಬ್ಬ ರೋಗಿ ಸ್ಟ್ರೆಚರ್ ಮೇಲೆ ಮಲಗಿರುತ್ತಾನೆ. ಅವನ ಸ್ಟ್ರೆಚರ್ ತೆರವಾಗಲೆಂದು ಹೊರಗೆ ಆಂಬುಲೆನ್ಸಿನಲ್ಲಿ ಮತ್ತೊಬ್ಬ ಕಾಯುತ್ತಾನೆ. ಮೊದಲು ಕಾಣಿಸುವುದು ಹೊರಗಿನ ಸಾಲು, ಅದರ ಮೂಲವಿರುವುದು ಮೇಲಿನ ಮಹಡಿಯಲ್ಲಿ.

ಮತ್ತೊಂದು ಕಾರಣವನ್ನು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಯೂಜೀನ್ ಲಿಟ್ವಾಕ್ ಗುರುತಿಸಿದರು. ತುರ್ತು ರೋಗಿಗಳು ಯಾವ ಗಳಿಗೆಯಲ್ಲಿ ಬರುವರೆಂದು ಹೇಳಲಾಗದಿದ್ದರೂ ದಿನಕ್ಕೆ ಎಷ್ಟು ಜನ ಬರಬಹುದೆಂಬುದನ್ನು ಅನುಭವದಿಂದ ಬಹುಮಟ್ಟಿಗೆ ಅಂದಾಜು ಮಾಡಬಹುದು. ಹೆಚ್ಚು ಏರುಪೇರು ಇರುವುದು ಆಸ್ಪತ್ರೆಯೇ ದಿನ ಗೊತ್ತುಪಡಿಸುವ ಶಸ್ತ್ರಚಿಕಿತ್ಸೆಗಳಲ್ಲಿ. ಅವು ವಾರದ ಕೆಲವೇ ದಿನಗಳಲ್ಲಿ ಒಟ್ಟಾದರೆ ಆ ದಿನಗಳಲ್ಲಿ ವಾರ್ಡುಗಳು ತುಂಬಿ ತುರ್ತು ರೋಗಿಗಳಿಗೆ ಸ್ಥಳವಿಲ್ಲದಂತಾಗುತ್ತದೆ. ಅವುಗಳನ್ನು ವಾರವಿಡೀ ಸಮನಾಗಿ ಹಂಚಲು ಹೊಸ ಕಟ್ಟಡ ಬೇಕಾಗಿಲ್ಲ.

ವಿಳಂಬಕ್ಕೆ ತೆರುವ ಬೆಲೆ

1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರೊಬ್ಬರು ರೈಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಅವರನ್ನು ಒಂದರ ನಂತರ ಒಂದು ಸರ್ಕಾರಿ ಆಸ್ಪತ್ರೆಗೆ ಕೊಂಡೊಯ್ಯಲಾಯಿತು. ಕೆಲವೆಡೆ ಸೌಲಭ್ಯವಿರಲಿಲ್ಲ, ಕೆಲವೆಡೆ ಹಾಸಿಗೆ ಖಾಲಿಯಿಲ್ಲವೆಂಬ ಉತ್ತರ ಬಂದಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ಖರ್ಚಿನಿಂದ ಚಿಕಿತ್ಸೆ ಪಡೆಯಬೇಕಾಯಿತು. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಿಕ ಚಿಕಿತ್ಸೆ ದೊರೆಯದಿರುವುದು ಸಂವಿಧಾನದ 21ನೆಯ ವಿಧಿ ನೀಡಿರುವ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸಾರಿತು; 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆಯಿದೆಯೋ ಅಲ್ಲಿಗೇ ರೋಗಿಯನ್ನು ಕಳುಹಿಸಲು ಅನುವಾಗುವಂತೆ ರಾಜ್ಯಮಟ್ಟದಲ್ಲಿ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ತಿಳಿಸಿತು. ಮೂರು ದಶಕಗಳ ಹಿಂದಿನ ಆ ಮಾತು ಇಂದಿಗೂ ಪ್ರಸ್ತುತ.

ಕಾಯುವಿಕೆಯಿಂದಾಗುವ ಹಾನಿಯನ್ನು ಇಂಗ್ಲೆಂಡಿನ ಸಂಶೋಧಕರು ಅಳೆದಿದ್ದಾರೆ. 2016ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಅಲ್ಲಿನ ತುರ್ತು ವಿಭಾಗಗಳಿಂದ ದಾಖಲಾದ 50 ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಪರಿಶೀಲಿಸಿ 2022ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ಪತ್ರೆಗೆ ಬಂದು 6ರಿಂದ 8 ಗಂಟೆ ಮೀರಿದರೂ ವಾರ್ಡಿನ ಹಾಸಿಗೆ ದೊರೆಯದ ಪ್ರತಿ 82 ರೋಗಿಗಳಿಗೆ ಒಂದು ಹೆಚ್ಚುವರಿ ಸಾವು ಸಂಭವಿಸುತ್ತದೆ. ನಮ್ಮ ಆಸ್ಪತ್ರೆಗಳ ಸ್ಥಿತಿಗತಿ ಬೇರೆಯಾದುದರಿಂದ ಈ ಸಂಖ್ಯೆಯನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ಆದರೆ ಸ್ಟ್ರೆಚರ್ ಮೇಲಿನ ಕಾಯುವಿಕೆಯನ್ನು ಬರಿಯ ಅನನುಕೂಲವೆಂದು ತಳ್ಳಿಹಾಕಲು ಇನ್ನು ಸಾಧ್ಯವಿಲ್ಲ.

ಗುರಿ ನಿಗದಿ ಮಾಡಿದ ದೇಶದ ಅನುಭವ

ಇಂಗ್ಲೆಂಡ್ 2000ದಲ್ಲಿ ಒಂದು ಸ್ಪಷ್ಟ ಗುರಿ ಇಟ್ಟುಕೊಂಡಿತು. 2004ರ ಅಂತ್ಯದೊಳಗೆ ಯಾವ ರೋಗಿಯೂ ತುರ್ತು ವಿಭಾಗದಲ್ಲಿ 4 ಗಂಟೆಗಿಂತ ಹೆಚ್ಚು ಉಳಿಯಬಾರದು ಎಂಬುದೇ ಆ ಗುರಿ. ವೈದ್ಯಕೀಯ ಕಾರಣಗಳಿಗಾಗಿ ಸ್ವಲ್ಪ ಸಡಿಲಿಸಿ ಶೇ. 98 ಎಂದು ಮಾಡಲಾಯಿತು. 2010ರಲ್ಲಿ ಅದನ್ನು ಶೇ. 95ಕ್ಕೆ ಇಳಿಸಲಾಯಿತು. ಮೊದಲ ವರ್ಷಗಳಲ್ಲಿ ಕಾಯುವ ಅವಧಿ ಗಣನೀಯವಾಗಿ ತಗ್ಗಿತು. ಆದರೆ 2015ರ ಜುಲೈ ನಂತರ ದೇಶಮಟ್ಟದಲ್ಲಿ ಆ ಗುರಿಯನ್ನು ಮುಟ್ಟಲಾಗಿಲ್ಲ. ಗುಣಮುಖರಾದ ವೃದ್ಧರನ್ನು ಮನೆಯಲ್ಲಿ ಅಥವಾ ಆರೈಕೆ ಕೇಂದ್ರದಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಸಾಲದೆ ಅವರು ವಾರ್ಡುಗಳಲ್ಲಿಯೇ ಉಳಿಯಬೇಕಾಗಿ ಬಂದದ್ದು ಇದಕ್ಕೆ ಒಂದು ಪ್ರಮುಖ ಕಾರಣ. ಪ್ರವೇಶದ್ವಾರಕ್ಕೆ ಗಡಿಯಾರ ಕಟ್ಟಿದ ದೇಶವೂ ನಿರ್ಗಮನದ ತಡೆಯಿಂದ ಸೋತಿತು.

ಇನ್ನೊಂದು ಎಚ್ಚರಿಕೆಯನ್ನೂ ಆ ಅನುಭವ ನೀಡುತ್ತದೆ. 4 ಗಂಟೆ ತುಂಬುವ ಕೊನೆಯ ನಿಮಿಷಗಳಲ್ಲಿ ರೋಗಿಗಳನ್ನು ಅವಸರದಿಂದ ಬೇರೆಡೆಗೆ ಸಾಗಿಸುವ ಪ್ರವೃತ್ತಿ ಅಲ್ಲಿನ ಅಂಕಿಅಂಶಗಳಲ್ಲಿಯೇ ಗೋಚರಿಸಿತು. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ವೈಫಲ್ಯಗಳ ಕುರಿತು 2013ರಲ್ಲಿ ಹೊರಬಂದ ವಿಚಾರಣಾ ವರದಿಯು, ಗುರಿ ಮತ್ತು ಹಣಕಾಸಿನ ಲೆಕ್ಕಗಳೇ ಮುಖ್ಯವಾದಾಗ ರೋಗಿಯ ಆರೈಕೆ ಹೇಗೆ ಹಿಂದೆ ಬೀಳುತ್ತದೆ ಎಂಬುದನ್ನು ಬಯಲಿಗೆ ತಂದಿತು. ಆದುದರಿಂದ ಅಳತೆ ಬೇಕು. ಅದು ಸಿಬ್ಬಂದಿಯನ್ನು ದಂಡಿಸುವ ಬೆತ್ತವಾಗಬಾರದು.

ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿ ಈ ದಿಸೆಯಲ್ಲಿ ಏನೂ ಆಗಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. 2016ರಲ್ಲಿ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಕಾಲ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ ಜಾರಿಗೆ ಬಂದಿತು. ಗಾಯಾಳುಗಳಿಗೆ ನೆರವಾಗುವ ಸಾರ್ವಜನಿಕರಿಗೆ ರಕ್ಷಣೆ ನೀಡುವ ಕಾಯ್ದೆಯನ್ನೂ ರಾಜ್ಯ ರೂಪಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿತು.

ಈ ಕ್ರಮಗಳೆಲ್ಲವೂ ಸ್ವಾಗತಾರ್ಹ. ಆದರೆ ಇವೆಲ್ಲವೂ ರೋಗಿಯನ್ನು ಆಸ್ಪತ್ರೆಯ ಬಾಗಿಲಿಗೆ ಬೇಗ ತಲುಪಿಸುವ, ಅಲ್ಲಿ ನಿರಾಕರಿಸದಂತೆ ನೋಡಿಕೊಳ್ಳುವ ಕ್ರಮಗಳು. ಬಾಗಿಲು ದಾಟಿದ ನಂತರದ ಹಾದಿಯನ್ನು ಸುಗಮಗೊಳಿಸುವ ಕೆಲಸ ಅಷ್ಟೇ ವೇಗದಲ್ಲಿ ನಡೆಯಬೇಕಾಗಿದೆ. ಹೃದಯಾಘಾತದ ಮಟ್ಟಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಂದು ಒಳ್ಳೆಯ ಮಾದರಿಯೊದಗಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದರಿಂದ, ದೂರದ ದೊಡ್ಡ ಆಸ್ಪತ್ರೆಯನ್ನು ಮುಟ್ಟುವವರೆಗೆ ಚಿಕಿತ್ಸೆ ಕಾಯಬೇಕಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಹಾಸಿಗೆಗಳ ಕೇಂದ್ರೀಕೃತ ಹಂಚಿಕೆ ನಡೆಯಿತು. 2021ರಲ್ಲಿ ಅದರ ಲೋಪಗಳು ವಿವಾದಕ್ಕೆಡೆಯಾದವು, ನಿಜ. ಆದರೂ ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿಯಿದೆ ಎಂಬುದನ್ನು ಒಂದೇ ಕಡೆ ನೋಡುವುದು ಅಸಾಧ್ಯವೇನಲ್ಲ ಎಂಬುದು ಅಂದು ಸಾಬೀತಾಯಿತು.

ಉದ್ಯಮಿಗಳು ಮಾಡಬಹುದಾದುದೇನು?

ಮೊದಲನೆಯದು ನಮ್ಮ ದಾನದ ರೀತಿ. ವರ್ತಕರು ಮತ್ತು ಉದ್ಯಮಿಗಳು ಆಸ್ಪತ್ರೆಗಳಿಗೆ ಉದಾರವಾಗಿ ಕೊಡುತ್ತ ಬಂದಿದ್ದಾರೆ. ಆದರೆ ಹೆಚ್ಚಾಗಿ ಕೊಡುವುದು ಸ್ಟ್ರೆಚರ್, ಗಾಲಿಕುರ್ಚಿ, ಆಂಬುಲೆನ್ಸ್ ಅಥವಾ ಹೆಸರಿನ ಫಲಕ ಹೊತ್ತ ಕಟ್ಟಡ. ಹೊರಹೋಗುವ ದಾರಿ ಕಟ್ಟಿಕೊಂಡಿರುವಾಗ ಸ್ಟ್ರೆಚರ್ ಕೊಡುವುದು ರವಾನೆಯಾಗದ ಮಾಲಿಗೆ ಇನ್ನೊಂದು ಗೋದಾಮು ಕಟ್ಟಿಸಿದಂತೆ. ಅದೇ ಹಣದಿಂದ ಡಿಸ್‌ಚಾರ್ಜ್ ಆದ ರೋಗಿಗಳು ಬಿಲ್ಲು ಮತ್ತು ವಾಹನಕ್ಕಾಗಿ ಕುಳಿತು ಕಾಯಲು ಒಂದು ಅಚ್ಚುಕಟ್ಟಾದ ಕೊಠಡಿ, ರಾತ್ರಿ ಪಾಳಿಗೆ ಒಬ್ಬ ಪ್ರಯೋಗಾಲಯ ತಂತ್ರಜ್ಞ, ಹಾಸಿಗೆ ಶುಚಿಗೊಳಿಸಲು ಮತ್ತು ರೋಗಿಗಳನ್ನು ಸಾಗಿಸಲು ಇಬ್ಬರು ಸಹಾಯಕರ ವೇತನ ಕೊಟ್ಟರೆ ಹಾಸಿಗೆಗಳು ಮಧ್ಯಾಹ್ನದೊಳಗೆ ತೆರವಾಗಬಲ್ಲವು. ಇದಕ್ಕೆ ಉದ್ಘಾಟನಾ ಸಮಾರಂಭ ಇರುವುದಿಲ್ಲ. ಪ್ರಯೋಜನ ಮಾತ್ರ ಹೆಚ್ಚು.

ಎರಡನೆಯದು ವಿಮೆ. ನಮ್ಮಲ್ಲಿ ಅನೇಕರು ನೌಕರರಿಗೆ ಗುಂಪು ಆರೋಗ್ಯ ವಿಮೆ ಮಾಡಿಸಿದ್ದಾರೆ. 2024ರ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆಗೆ 1 ಗಂಟೆಯೊಳಗೆ, ಡಿಸ್‌ಚಾರ್ಜ್‌ನ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ವಿಮಾ ಕಂಪನಿ ನಿರ್ಧಾರ ತಿಳಿಸಬೇಕು. 3 ಗಂಟೆ ಮೀರಿದ ವಿಳಂಬಕ್ಕಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ಕಂಪನಿಯೇ ಭರಿಸಬೇಕು. ಪಾಲಿಸಿ ನವೀಕರಣದ ಸಮಯದಲ್ಲಿ ಪ್ರೀಮಿಯಂ ಕುರಿತು ಚೌಕಾಶಿ ಮಾಡುವ ನಾವು, ಕಳೆದ ವರ್ಷ ನಮ್ಮ ನೌಕರರ ಪ್ರಕರಣಗಳಲ್ಲಿ ಈ ಅವಧಿಗಳು ಎಷ್ಟರಮಟ್ಟಿಗೆ ಪಾಲನೆಯಾದವು ಎಂಬ ಲೆಕ್ಕವನ್ನು ಲಿಖಿತವಾಗಿ ಕೇಳಬೇಕು. ನಮ್ಮ ಕಡೆಯಿಂದಲೂ ನೌಕರರ ವಿಮಾ ಕಾರ್ಡು, ಗುರುತಿನ ಚೀಟಿ, ಇಎಸ್ಐ ಅಡಿ ಬರುವವರ ಅಪಘಾತ ವರದಿ ಇವು ತಡವಾಗದೆ ಸಿದ್ಧವಿರಬೇಕು. ಮಾಲೀಕರ ಕಚೇರಿಯಲ್ಲಿ ಒಂದು ಸಹಿಗಾಗಿ ನಿಂತ ಕಾಗದವೂ ಆಸ್ಪತ್ರೆಯಲ್ಲಿ ಒಂದು ಹಾಸಿಗೆಯನ್ನು ಹಿಡಿದಿಡುತ್ತದೆ.

ಮೂರನೆಯದು ಕೈಗಾರಿಕಾ ವಸಾಹತುಗಳ ಸಿದ್ಧತೆ. 1948ರ ಕಾರ್ಖಾನೆ ಕಾಯ್ದೆಯು 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಿಗೆ ಆಂಬುಲೆನ್ಸ್ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. 20 ಅಥವಾ 30 ಜನರಿರುವ ಘಟಕಗಳಿಗೆ ಪ್ರಥಮ ಚಿಕಿತ್ಸಾ ಪೆಟ್ಟಿಗೆಯೇ ಗತಿಯಾಯಿತು. ಒಂದು ವಸಾಹತಿನ ಘಟಕಗಳು ಒಟ್ಟಾಗಿ ಒಬ್ಬ ತರಬೇತಿ ಪಡೆದ ಶುಶ್ರೂಷಕರನ್ನೊಳಗೊಂಡ ಕೊಠಡಿಯನ್ನು ನಡೆಸಿದರೆ, ಸಣ್ಣಪುಟ್ಟ ಗಾಯಗಳಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುತ್ತದೆ; ಗಂಭೀರ ಗಾಯಾಳುವಿಗೆ ಸರಿಯಾದ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ತಿಳಿದುಕೊಂಡೇ ಹೊರಡಬಹುದು.

ನಾಲ್ಕನೆಯದು ಪ್ರಶ್ನೆ ಕೇಳುವ ಹೊಣೆ. ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ, ಖಾಸಗಿ ಆಸ್ಪತ್ರೆಗಳ ಧರ್ಮದರ್ಶಿ ಮಂಡಳಿಗಳಲ್ಲಿ ವರ್ತಕರಿಗೆ ಸ್ಥಾನ ದೊರೆತಾಗ ಖರ್ಚುವೆಚ್ಚದ ಪಟ್ಟಿಯ ಜೊತೆಗೆ ಪ್ರತಿ ತಿಂಗಳೂ ಮೂರು ಸಂಖ್ಯೆಗಳನ್ನು ಕೇಳಬೇಕು. ದಾಖಲು ಮಾಡಬೇಕೆಂದು ನಿರ್ಧರಿಸಿದ ನಂತರ ರೋಗಿ ವಾರ್ಡ್ ತಲುಪಲು ಎಷ್ಟು ಗಂಟೆ ಹಿಡಿಯಿತು? ಡಿಸ್‌ಚಾರ್ಜ್ ಆದವರಲ್ಲಿ ಮಧ್ಯಾಹ್ನ 12ರೊಳಗೆ ಹೊರಟವರೆಷ್ಟು ಮಂದಿ? ಡಿಸ್‌ಚಾರ್ಜ್ ಆದೇಶವಾದ ಬಳಿಕ ಹಾಸಿಗೆ ಮುಂದಿನ ರೋಗಿಗೆ ಸಿದ್ಧವಾಗಲು ಎಷ್ಟು ಹೊತ್ತಾಯಿತು? ಈ ಲೆಕ್ಕ ಇಡಲು ದುಬಾರಿ ಕಂಪ್ಯೂಟರ್ ವ್ಯವಸ್ಥೆ ಬೇಕಿಲ್ಲ, ಒಂದು ರಿಜಿಸ್ಟರ್ ಸಾಕು.

ಎರಡು ಆಕ್ಷೇಪಗಳು

ಹಾಸಿಗೆಗಳೇ ಸಾಲದಿರುವಾಗ ಈ ವಾದಕ್ಕೆ ಅರ್ಥವಿದೆಯೇ ಎಂದು ಕೇಳಬಹುದು. ಕೊರತೆ ನಿಜವೇ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 1,000 ಜನಸಂಖ್ಯೆಗೆ 2 ಹಾಸಿಗೆಗಳಿರಬೇಕೆಂಬ ಗುರಿಯನ್ನು ಮುಂದಿಟ್ಟಿತು. ಅದಕ್ಕಾಗಿ ಒತ್ತಾಯಿಸುವುದನ್ನು ನಾವು ಬಿಡಬಾರದು. ಆದರೆ ಹೊಸ ವಾರ್ಡಿಗೆ ವರ್ಷಗಳು ಬೇಕು. 300 ಹಾಸಿಗೆಗಳ ಆಸ್ಪತ್ರೆಯಲ್ಲಿ ದಿನಕ್ಕೆ 60 ರೋಗಿಗಳು ಡಿಸ್‌ಚಾರ್ಜ್ ಆಗುವುದಾದರೆ, ಪ್ರತಿಯೊಬ್ಬರ ನಿರ್ಗಮನವನ್ನು 4 ಗಂಟೆ ಮುಂದಕ್ಕೆ ತಂದರೆ ದಿನಕ್ಕೆ 240 ಹಾಸಿಗೆ-ಗಂಟೆಗಳು ಉಳಿಯುತ್ತವೆ. ಅದು 10 ಹೊಸ ಹಾಸಿಗೆಗಳಿಗೆ ಸಮ.

ರೋಗಿ ಸರಕಲ್ಲ, ಆಸ್ಪತ್ರೆ ಕಾರ್ಖಾನೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನು ಪೂರ್ಣವಾಗಿ ಒಪ್ಪಬೇಕು. ಯಾವ ರೋಗಿ ಮನೆಗೆ ಹೋಗಲು ಸಿದ್ಧನೆಂದು ತೀರ್ಮಾನಿಸುವ ಅಧಿಕಾರ ವೈದ್ಯರದು. ಅದರಲ್ಲಿ ಯಾರೂ ಕೈಹಾಕಬಾರದು. ನಮ್ಮ ಮಾತು ಅನ್ವಯಿಸುವುದು ವೈದ್ಯರು ಆ ತೀರ್ಮಾನ ಕೈಗೊಂಡ ನಂತರದ ಗಂಟೆಗಳಿಗೆ. ಆ ಗಂಟೆಗಳಲ್ಲಿ ನಡೆಯುವುದು ಬಿಲ್ಲು, ಒಪ್ಪಿಗೆ, ಸಹಿ, ವಾಹನ, ಶುಚಿತ್ವ ಮುಂತಾದ ವ್ಯವಹಾರದ ಕೆಲಸಗಳೇ. ಇಂತಹ ಕೆಲಸಗಳನ್ನು ಸಕಾಲದಲ್ಲಿ ಮುಗಿಸುವುದು ಹೇಗೆಂದು ವರ್ತಕರಿಗೂ ಉದ್ಯಮಿಗಳಿಗೂ ಹೇಳಿಕೊಡಬೇಕಾಗಿಲ್ಲ.

ಆದಕಾರಣ ನಮ್ಮ ಸಂಸ್ಥೆಯು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದೂ, ಜಿಲ್ಲೆಯ ಒಂದು ಸರ್ಕಾರಿ ಮತ್ತು ಒಂದು ಖಾಸಗಿ ಆಸ್ಪತ್ರೆಯ ಆಡಳಿತದೊಡನೆ ಮಾತುಕತೆ ನಡೆಸಿ ಮೇಲಿನ ಮೂರು ಸಂಖ್ಯೆಗಳನ್ನು ಆರು ತಿಂಗಳ ಕಾಲ ದಾಖಲಿಸುವ ಪ್ರಯೋಗಕ್ಕೆ ನೆರವಾಗಬೇಕೆಂದೂ ಸೂಚಿಸಬಯಸುತ್ತೇನೆ. ಈ ವರ್ಷ ಸ್ಟ್ರೆಚರ್ ದಾನ ಮಾಡಬೇಕೆಂದಿರುವ ಸದಸ್ಯರು ಅದಕ್ಕೆ ಮೊದಲು ಆಸ್ಪತ್ರೆಯ ಅಧೀಕ್ಷಕರನ್ನು ಕಂಡು, ನಿಮ್ಮಲ್ಲಿ ಹಾಸಿಗೆ ತೆರವಾಗುವುದು ಎಲ್ಲಿ ತಡವಾಗುತ್ತಿದೆ ಎಂದು ಕೇಳಲಿ. ಅವರು ಕೊಡುವ ಉತ್ತರದಂತೆ ದಾನ ಮಾಡಲಿ.